ಆಪ್ತಸಲಹೆಗಾರರ ಕಪಾಟಿನ ಕೀಲಿಕೈ

ಪ್ರತಿ ಗುರುವಾರ ಸಂಜೆ ಐದಕ್ಕೆ ಆಪ್ತಸಲಹೆಗಾರರ ಬಳಿ ಹೋಗುವ ಕಾಲೇಜು ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅಮ್ಮನಿಗೂ ಹೇಳದ ಮಾತುಗಳನ್ನು ಅಲ್ಲಿ ಹೇಳಿಕೊಂಡಿದ್ದಾಳೆ. ಒಂದು ಗುರುವಾರ ಬಾಗಿಲಿಗೆ ಬೀಗ. ಸಲಹೆಗಾರರು ಹಿಂದಿನ ರಾತ್ರಿ ಹೃದಯಾಘಾತದಿಂದ ತೀರಿಕೊಂಡಿದ್ದಾರೆ. ಅವಳಿಗೆ ತಿಳಿಸುವವರು ಯಾರು? ಅವರ ಮನೆಯವರಿಗೆ ಇವಳ ಹೆಸರೇ ಗೊತ್ತಿಲ್ಲ, ಗೊತ್ತಿರಲೂಬಾರದು.

ಇದಕ್ಕೆಂದೇ ಅಮೆರಿಕ, ಬ್ರಿಟನ್‌ಗಳಲ್ಲಿ ಹಲವು ಮನೋಚಿಕಿತ್ಸಕರು ‘ವೃತ್ತಿ ಉಯಿಲು’ ಬರೆದಿಡುತ್ತಾರೆ. ಆಸ್ತಿ ಹಂಚುವ ಉಯಿಲಲ್ಲ. ನಂಬಿಕಸ್ಥ ಸಹೋದ್ಯೋಗಿಯೊಬ್ಬರ ಹೆಸರು, ಕಪಾಟಿನ ಕೀಲಿಕೈ, ಕಂಪ್ಯೂಟರಿನ ಪಾಸ್‌ವರ್ಡ್, ಭೇಟಿಯ ಡೈರಿ ಎಲ್ಲಿದೆ, ಮೊದಲು ಯಾರಿಗೆ ಫೋನ್ ಮಾಡಬೇಕು, ಕಡತಗಳನ್ನು ಏನು ಮಾಡಬೇಕು – ಇಷ್ಟೇ. ಗುಟ್ಟು ಕಾಯುವುದನ್ನು ಕಲಿತವರೇ ಆ ಡೈರಿ ತೆರೆಯಬೇಕು. ಗಂಡನೋ ಹೆಂಡತಿಯೋ ಮಕ್ಕಳೋ ಅಲ್ಲ. ಕಾಯಿಲೆ, ಸಾವು, ನಿವೃತ್ತಿಯಿಂದ ಸೇವೆ ನಿಂತರೆ ಮುಂದೇನು ಎಂಬುದನ್ನು ಮೊದಲೇ ಯೋಜಿಸಿರಬೇಕೆಂದು ಅಮೆರಿಕದ ಮನೋವಿಜ್ಞಾನಿಗಳ ಸಂಘದ 2002ರ ನೀತಿಸಂಹಿತೆ ಹೇಳುತ್ತದೆ.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ, ನಿಜ. ಆದರೆ ಗುಟ್ಟು ಕಾಯುವವರೇ ಇಲ್ಲವಾದರೆ ಕಡತ ಯಾರ ಕೈಗೆ? ಶುಲ್ಕವೆಷ್ಟೆಂದು ಕೇಳುವ ಪಾಲಕರು ಮೊದಲ ದಿನವೇ ಇದನ್ನೂ ಕೇಳಲಿ. ಅಪಶಕುನವೆಂದು ಹಿಂಜರಿಯಬೇಡಿ; ಒಳ್ಳೆಯ ಸಲಹೆಗಾರರು ಸಿಟ್ಟಾಗುವುದಿಲ್ಲ. ಬೇರೊಬ್ಬರು ಸಿಗುವವರೆಗೆ ಸರ್ಕಾರದ ಟೆಲಿ ಮನಸ್ ಇದೆ: 14416. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.