ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿಯಾ?

ತಂಗಿಯ ಮಗಳು ಏರ್ ಪಿಸ್ತೂಲ್ ಕಲಿಯಲು ಸೇರಿದ ಮೇಲೆ ನನ್ನ ಅಜ್ಞಾನ ಬಯಲಾಯಿತು. "ಮಾಮ, ರಿವಾಲ್ವರಿಗೂ ಪಿಸ್ತೂಲಿಗೂ ಎಂತ ವ್ಯತ್ಯಾಸ?" ಎಂದು ಕೇಳಿದಳು. ಸಿನಿಮಾ ಬಿಟ್ಟರೆ ನನಗೆ ಗೊತ್ತಿದ್ದದ್ದು ಅಜ್ಜನ ತೋಟದ ಕೋವಿ ಮಾತ್ರ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿ ಇಟ್ಟು ಬರುತ್ತಿದ್ದರು. ಕೊನೆಗೆ ಪರಿಚಯದ ಮಾಜಿ ಸೈನಿಕರೊಬ್ಬರ ಮನೆಗೆ ಇಬ್ಬರೂ ಹೋದೆವು. ಅವರು ಕಾಗದದಲ್ಲಿ ಚಿತ್ರ ಬಿಡಿಸಿ ವಿವರಿಸಿದರು.

ರಿವಾಲ್ವರ್ ಸುಲಭ. ನಡುವೆ ತಿರುಗುವ ಉರುಟು ಸಿಲಿಂಡರ್, ಅದರಲ್ಲಿ ಹೆಚ್ಚಾಗಿ ಆರು ಗುಳಿ, ಗುಳಿಗೊಂದು ತೋಟೆ. ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ ಹೊಸ ತೋಟೆ ನಳಿಗೆಯ ನೇರಕ್ಕೆ ಬರುತ್ತದೆ, ಹಿಂದಿನ ಸುತ್ತಿಗೆ ಬಡಿಯುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಪೇಟೆಂಟ್ ಪಡೆದಾಗ ಸುತ್ತಿಗೆಯನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆಯಬೇಕಿತ್ತು. ಸಿಲಿಂಡರ್ ಬಿಡಿಸಿ ನೋಡಿದರೆ ತೋಟೆ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಪಿಸ್ತೂಲು ಹಾಗಲ್ಲ. ತೋಟೆಗಳು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಗುಂಡು ಹಾರಿದ ರಭಸಕ್ಕೆ ಮೇಲಿನ ಸ್ಲೈಡ್ ಹಿಂದೆ ಸರಿದು ಖಾಲಿ ಕೇಸನ್ನು ಹೊರಗೆಸೆಯುತ್ತದೆ. ಸ್ಪ್ರಿಂಗ್ ದೂಡಿ ಮುಂದೆ ಬರುವಾಗ ಇನ್ನೊಂದು ತೋಟೆಯನ್ನು ನಳಿಗೆಯ ಬುಡಕ್ಕೆ ಸೇರಿಸುತ್ತದೆ.

"ಹಾಗಾದ್ರೆ ಮ್ಯಾಗಜಿನ್ ತೆಗೆದ್ರೆ ಖಾಲಿ ಅಲ್ವಾ?" ಎಂದು ನಾನು ಕೇಳಿದೆ.

ಅವರು ನಗಲಿಲ್ಲ. "ಹೀಗೆ ಗ್ರಹಿಸಿಯೇ ಜೀವ ಹೋದವರಿದ್ದಾರೆ ಮಾರಾಯ್ರೆ. ಬುಡಕ್ಕೆ ಸೇರಿದ ಆ ಒಂದು ತೋಟೆ ಒಳಗೇ ಇರ್ತದೆ."

ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ಒಳಗೆ ನೋಡಬೇಕು. ಕ್ರಮ ತಿರುವುಮುರುವಾದರೆ, ಅಂದರೆ ಮ್ಯಾಗಜಿನ್ ಇರುವಾಗಲೇ ಸ್ಲೈಡ್ ಎಳೆದರೆ, ಒಂದು ತೋಟೆ ಹೊರಬಿದ್ದು ಇನ್ನೊಂದು ಒಳಸೇರುತ್ತದೆ! ಸೇಫ್ಟಿ ಗುಂಡಿಯನ್ನು ನಂಬೋಣವೆಂದರೆ ಗ್ಲಾಕ್ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಹೊರಗೆ ಗುಂಡಿಯೇ ಇಲ್ಲ, ಅದು ಟ್ರಿಗರಿನಲ್ಲೇ ಅಡಗಿದೆ. ರಿವಾಲ್ವರ್ ಸುಲಭ ಎಂದೆ, ಆದರೆ ಸಸಾರವಲ್ಲ. 2024ರ ಅಕ್ಟೋಬರ್ 1ರಂದು ನಟ ಗೋವಿಂದ ಅವರ ಕಾಲಿಗೆ ಗುಂಡು ಹೊಕ್ಕಿದ್ದು ಅವರದೇ ಲೈಸೆನ್ಸಿನ ರಿವಾಲ್ವರಿನಿಂದ.

ಹುಡುಗಿಯ ಏರ್ ಪಿಸ್ತೂಲಿನಲ್ಲಿ ಮದ್ದೇ ಇಲ್ಲ. ಒತ್ತಿಟ್ಟ ಗಾಳಿ 4.5 ಮಿಲಿಮೀಟರಿನ ಸೀಸದ ಪೆಲೆಟ್ಟನ್ನು ದೂಡುತ್ತದೆ, ಸಲಕ್ಕೆ ಒಂದೇ. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ನಮ್ಮ ಕಿರುಬೆರಳಿನ ಉಗುರಿನಷ್ಟು. ಗಾಳಿಯದ್ದೆಂದು ಹಗುರ ಮಾಡುವ ಹಾಗಿಲ್ಲ, ಕಣ್ಣು ಹೋಗಲು ಅಷ್ಟೇ ಸಾಕು.

ಸರದಿ ಮುಗಿದ ಕೂಡಲೇ ಅವಳು ನಳಿಗೆಯೊಳಗೆ ಬಣ್ಣದ ಉದ್ದ ದಾರವೊಂದನ್ನು ತೂರಿಸಿಡುತ್ತಾಳೆ. ದಾರದ ಎರಡೂ ತುದಿ ಹೊರಗೆ ಕಂಡರೆ ಒಳಗೆ ಏನೂ ಇಲ್ಲ ಎಂದರ್ಥ.