ಗಣಕಕ್ಕೆ ನಂಜು, ನಂಜಿಗೆ ಕಾವಲು

‘ವೈರಸ್’ ಎಂಬ ಲ್ಯಾಟಿನ್ ಮಾತಿಗೆ ಮೂಲಾರ್ಥ ನಂಜು. ಸಂಸ್ಕೃತದ ‘ವಿಷ’ಕ್ಕೂ ಅದಕ್ಕೂ ದಾಯಾದಿ ಸಂಬಂಧವುಂಟು. ಗಣಕಯಂತ್ರವನ್ನು ಕೆಡಿಸುವ ಕಪಟ ತಂತ್ರಾಂಶಕ್ಕೆ ಆ ಹೆಸರು ಚೆನ್ನಾಗಿಯೇ ಒಪ್ಪಿದೆ.

ಮನೆಯ ಒಂದು ಗಣಕಕ್ಕೆ ನಂಜುನಿರೋಧಕ ತಂತ್ರಾಂಶವನ್ನು ನಾವೇ ಕುಳಿತು ಹಾಕಿಕೊಳ್ಳಬಹುದು. ಆದರೆ 1924ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿ ದೇಶವೆಲ್ಲ ಹಬ್ಬಿದ ಕರ್ಣಾಟಕ ಬ್ಯಾಂಕಿನಂತಹ ಸಂಸ್ಥೆಗೆ ನೂರಾರು ಶಾಖೆಗಳು. ಒಂದೊಂದು ಯಂತ್ರದೆಡೆಗೂ ಆಳನ್ನು ಅಟ್ಟುವುದು ಆಗುವ ಹೋಗುವ ಮಾತಲ್ಲ. ಇಂತಹ ದೊಡ್ಡ ಸಂಸ್ಥೆಗಳು ಕೇಂದ್ರದಲ್ಲಿ ಒಂದು ಸರ್ವರನ್ನಿಟ್ಟು, ಪ್ರತಿ ಯಂತ್ರದಲ್ಲಿಯೂ ‘ಏಜೆಂಟ್’ ಎಂಬ ಕಿರುತಂತ್ರಾಂಶವನ್ನು ನೆಲೆಗೊಳಿಸುತ್ತವೆ. ಅದು ಆಗಾಗ ಸರ್ವರಿನಿಂದ ಹೊಸ ನಂಜುಗಳ ಗುರುತನ್ನು ಪಡೆದು, ತಾನು ಕಂಡದ್ದನ್ನು ವರದಿ ಮಾಡುತ್ತದೆ. ವರದಿ ಬಾರದ ಯಂತ್ರದ ಮೇಲೆ ವಿಶೇಷ ಕಣ್ಣಿರಬೇಕು. ತರಗತಿಯಲ್ಲಿ ಗೈರುಹಾಜರಾದ ಹುಡುಗನ ಚಿಂತೆಯೇ ಮಾಸ್ತರರಿಗೆ ಹೆಚ್ಚಲ್ಲವೆ!

ತಡಮಾಡಿದರೂ ಅಪಾಯವೇ. 2017ರ ಮಾರ್ಚಿಯಲ್ಲಿಯೇ ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸಿನ ಒಂದು ಬಿರುಕಿಗೆ ತೇಪೆ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳನ್ನು ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಹಲವು ದೇಶಗಳಲ್ಲಿ ಹಿಡಿಯಿತು.

ಹಾಗೆಂದು ಎಲ್ಲಕ್ಕೂ ಒಮ್ಮೆಗೇ ಕಳುಹಿಸೋಣವೆ? 2024ರ ಜುಲೈ 19ರಂದು ಆದದ್ದು ಅದೇ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪೆನಿ ತನ್ನ ಕಾವಲು ತಂತ್ರಾಂಶಕ್ಕೆ ಒಂದು ಪರಿಷ್ಕರಣೆಯನ್ನು ಲೋಕಕ್ಕೆಲ್ಲ ಒಟ್ಟಿಗೆ ಬಿಟ್ಟಿತು. ಅದರಲ್ಲಿ 21 ಅಂಶಗಳ ಅಪೇಕ್ಷೆ. ಯಂತ್ರದಲ್ಲಿ ಒದಗುತ್ತಿದ್ದವು 20. ಇಲ್ಲದ ಒಂದನ್ನು ಹುಡುಕಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಕಾವಲುಗಾರನೇ ಬಾಗಿಲಿಗೆ ಅಡ್ಡ ಮಲಗಿದಂತಾಯಿತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಲು ಬೆಳೆಯಿತು. ದೇಶದ ಹಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು. ಕಂಪೆನಿಯೇನೋ ಒಂದೂವರೆ ಗಂಟೆಯೊಳಗೆ ತಪ್ಪನ್ನು ಹಿಂದೆಗೆಯಿತು. ಆದರೆ ಕುಸಿದ ಯಂತ್ರ ಆ ತಿದ್ದುಪಡಿಯನ್ನು ಪಡೆಯುವುದಾದರೂ ಹೇಗೆ? ಬಹಳಷ್ಟನ್ನು ಒಂದೊಂದಾಗಿ ಕೈಯಿಂದಲೇ ಸರಿಪಡಿಸಬೇಕಾಯಿತು. ಆಳನ್ನು ಅಟ್ಟುವ ಕೆಲಸ ತಪ್ಪಲಿಲ್ಲವೆನ್ನಿ.

ಆಮೇಲೆ ಆ ಕಂಪೆನಿಯೂ ಹಂತಹಂತವಾಗಿ ಕಳುಹಿಸುವ ಕ್ರಮ ಹಿಡಿಯಿತು. ಮೊದಲು ಕೆಲವೇ ಯಂತ್ರಗಳಿಗೆ. ಅವು ನೆಟ್ಟಗಿದ್ದರೆ ಮುಂದಿನ ತಂಡಕ್ಕೆ. ಆ ಮೊದಲ ಕೆಲವನ್ನು ಆರಿಸುವಲ್ಲಿಯೇ ಜಾಣ್ಮೆ. ಅಧಿಕಾರಿಗಳ ಮೇಜಿನ ಹೊಸ ಯಂತ್ರಗಳನ್ನಷ್ಟೇ ಆರಿಸಿದರೆ, ಮೂಲೆ ಶಾಖೆಯ ಹಳೆಯ ಯಂತ್ರದ ಪಾಡು ತಿಳಿಯುವುದು ಅದು ನಿಂತ ಮೇಲೆಯೇ.