ಕಿಸೆಯಲ್ಲೊಂದು ಮರದ ತುಂಡು

ಕ್ಯಾಲಿಫೋರ್ನಿಯಾದ ಎಂಜಿನಿಯರ್ ಜೆಫ್ ಹಾಕಿನ್ಸ್ ಒಮ್ಮೆ ಕೆಲವು ತಿಂಗಳ ಕಾಲ ಅಂಗಿಯ ಕಿಸೆಯಲ್ಲಿ ಮರದ ತುಂಡೊಂದನ್ನು ಇಟ್ಟುಕೊಂಡು ಓಡಾಡಿದ್ದರು. ಯಾರಾದರೂ ಭೇಟಿಗೆ ದಿನ ಕೇಳಿದರೆ ಸಾಕು, ಅದನ್ನು ಹೊರತೆಗೆದು, ಪುಟ್ಟ ಕಡ್ಡಿಯೊಂದರಿಂದ ಅದರ ಮೇಲೆ ಗುರುತು ಹಾಕಿಕೊಳ್ಳುವಂತೆ ನಟಿಸುತ್ತಿದ್ದರು.

ಹುಚ್ಚಲ್ಲ, ಪೆಟ್ಟು ತಿಂದವರ ಎಚ್ಚರ ಅದು. 1992ರಲ್ಲಿ ಅವರು ಕಟ್ಟಿದ ಪಾಮ್ ಕಂಪನಿ, ಬೇರೆಯವರ ಜತೆಗೂಡಿ ಮರುವರ್ಷ ತಂದ 'ಜೂಮರ್' ಎಂಬ ಕೈಗಂಪ್ಯೂಟರ್ ದಪ್ಪ, ನಿಧಾನ, ದುಬಾರಿ. ಜನ ಕೊಳ್ಳಲಿಲ್ಲ. ಮುಂದಿನ ಯಂತ್ರಕ್ಕೆ ಕೈಹಾಕುವ ಮೊದಲು ಹಾಕಿನ್ಸ್ ಮರ ಕೊಯ್ದರು. ಅದು ಕಿಸೆಯಲ್ಲಿ ಕೂರುತ್ತದೆಯೇ? ದಿನಕ್ಕೆ ಎಷ್ಟು ಸಲ ಬೇಕಾಗುತ್ತದೆ? ಬೇಕಾದಾಗ ಏನು ಬೇಕು? ಗುಂಡಿಗಳ ಚಿತ್ರವನ್ನು ಕಾಗದದಲ್ಲಿ ಮುದ್ರಿಸಿ ಅಂಟಿಸಿಯೂ ನೋಡಿದರು. ದಿನಚರಿ, ವಿಳಾಸ, ಮಾಡಬೇಕಾದ ಕೆಲಸಗಳ ಪಟ್ಟಿ, ಚೀಟಿ ಬರಹ ಇಷ್ಟೇ ಮುಖ್ಯ, ಅದೂ ಒತ್ತಿದ ತಕ್ಷಣ ಕಾಣಬೇಕು ಎಂಬಲ್ಲಿಗೆ ಬಂದು ನಿಂತರು. ಪೈಪೋಟಿ ಇದ್ದದ್ದು ಇನ್ನೊಂದು ಕಂಪ್ಯೂಟರಿನೊಡನೆ ಅಲ್ಲ, ಕಾಗದದ ಡೈರಿಯೊಡನೆ! 1996ರಲ್ಲಿ 299 ಡಾಲರಿಗೆ ಬಂದ 'ಪೈಲಟ್' ಭರ್ಜರಿಯಾಗಿ ಮಾರಾಟವಾಯಿತು.

ಇದೇ ಜಾಣತನವನ್ನು ಐದು ದಿನದ ಕ್ರಮವಾಗಿಸಿದವರು ಗೂಗಲ್ ವೆಂಚರ್ಸ್‌ನಲ್ಲಿದ್ದ ಜೇಕ್ ನ್ಯಾಪ್. 2016ರಲ್ಲಿ ಅವರ 'ಸ್ಪ್ರಿಂಟ್' ಪುಸ್ತಕ ಬಂತು. ಸೋಮವಾರ ತಂಡ ಒಂದೇ ಪ್ರಶ್ನೆಯನ್ನು ಆರಿಸಿಕೊಳ್ಳುತ್ತದೆ. ಮಂಗಳವಾರ ಒಬ್ಬೊಬ್ಬರೂ ತಮ್ಮಷ್ಟಕ್ಕೆ ಉತ್ತರ ಬರೆಯುತ್ತಾರೆ. ಹೀಗಾಗಿ ದೊಡ್ಡ ದನಿಯವನದೇ ಗೆಲ್ಲುವುದಿಲ್ಲ. ಬುಧವಾರ ಆಯ್ಕೆ. ಗುರುವಾರ ನಿಜವೆನ್ನಿಸುವಂಥ ತೋರಿಕೆಯ ಮಾದರಿ. ಶುಕ್ರವಾರ ಅದನ್ನು ಬಳಸಬೇಕಾದಂಥ ಐದು ಮಂದಿಗೆ, ಒಬ್ಬೊಬ್ಬರಿಗೇ, ಕೊಟ್ಟು ಸುಮ್ಮನೆ ನೋಡುವುದು. ಈ 'ಸುಮ್ಮನೆ'ಯೇ ಕಷ್ಟ. ಎಡವಿದ ಕೂಡಲೇ 'ಅಲ್ಲಲ್ಲ, ಇಲ್ಲಿ ಒತ್ತಿ' ಎಂದರೆ ಪರೀಕ್ಷೆ ಕೆಟ್ಟಿತು. ಅಪ್ಪ–ಅಮ್ಮ ಆ ಐವರಲ್ಲಿ ಬೇಡ. ಮಗಳು ಮಾಡಿದ್ದೆಲ್ಲ ಅವರಿಗೆ ಚೆನ್ನಾಗಿಯೇ ಕಾಣುತ್ತದೆ.

ಆದರೆ ದುಡ್ಡು ಕೇಳುವುದು ಅವರನ್ನೇ ತಾನೆ? ಅಂತಿಮ ವರ್ಷದ ನಾಲ್ವರು ಹಾಸ್ಟೆಲ್ ಮೆಸ್‌ನಲ್ಲಿ ಅನ್ನ ಹಾಳಾಗುವುದನ್ನು ತಪ್ಪಿಸುವ ಆ್ಯಪ್ ಮಾಡುತ್ತೇವೆಂದು ಮನೆಯಲ್ಲಿ ಹಣ ಕೇಳಿದರು ಎನ್ನಿ. ಗದರುವುದೂ ಬೇಡ, ಹಣ ಎಣಿಸುವುದೂ ಬೇಡ. ಮೆಸ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ದಾರ ಕಟ್ಟಿದ ಪೆನ್ನು ತೂಗುಬಿಡಲು ಹೇಳಿ. ರಾತ್ರಿ ಊಟಕ್ಕೆ ಬಾರದವರು ಮಧ್ಯಾಹ್ನವೇ ಗುರುತು ಹಾಕಲಿ. ವಾರ ಕಳೆದರೂ ಹಾಳೆ ಖಾಲಿ ಉಳಿದರೆ, ಮಕ್ಕಳು ಆ ಬಾಗಿಲ ಬಳಿ ನಿಂತು ಕಾರಣ ಕೇಳಲಿ. ತುಂಬಿದರೆ, ಅಡುಗೆ ಭಟ್ಟರು ಆ ಲೆಕ್ಕ ನಂಬಿ ಒಂದು ಸೇರು ಅಕ್ಕಿ ಕಡಿಮೆ ಹಾಕುತ್ತಾರೆಯೇ ಎಂದು ನೋಡಲಿ.